ಕಟ್ಟಿದರೋ, ಕಟ್ಟಿಸಿದರೋ? ಸರ್ ಎಂ.ವಿ. ಪ್ರಾಜೆಕ್ಟ್ ಬರೆಸುವವರಿಗೆ ಒಂದು ಪತ್ರ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಬಂತೆಂದರೆ ಸ್ಟೇಷನರಿ ಅಂಗಡಿಗಳಲ್ಲಿ ಮೈಸೂರು ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಪಟಕ್ಕೆ ಎಲ್ಲಿಲ್ಲದ ಬೇಡಿಕೆ. 15ನೇ ತಾರೀಖು ಎಂಜಿನಿಯರುಗಳ ದಿನ. ಐದನೇ ತರಗತಿಯಿಂದ ಹತ್ತರವರೆಗೆ ಯಾವುದಾದರೊಂದು ವಿಷಯದ ಚಟುವಟಿಕೆಗೆ ‘ಸರ್ ಎಂ.ವಿ. ಬಗ್ಗೆ ಪ್ರಾಜೆಕ್ಟ್ ಬರೆದು ತನ್ನಿ’ ಎಂಬ ಮಾತು ಬಂದೇ ಬರುತ್ತದೆ. ಪಟದ ಹಿಂಬದಿಯಲ್ಲಿ ಅಚ್ಚಾದ ನಾಲ್ಕು ಪ್ಯಾರಾ ಎ4 ಹಾಳೆಗೆ ಇಳಿಯುತ್ತದೆ. ಸುತ್ತ ಸ್ಕೆಚ್ ಪೆನ್ನಿನ ಬಾರ್ಡರು, ಮೇಲೆ ಗ್ಲಿಟರಿನಲ್ಲಿ ಹೆಸರು, ಕೊನೆಗೆ ‘ಇವರ ಜೀವನ ನಮಗೆಲ್ಲ ಆದರ್ಶ’. ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಅರವತ್ತೂ ಒಂದೇ ಅಚ್ಚು. ತಪ್ಪುಗಳೂ ಅವೇ.

ಇದು ಮಕ್ಕಳ ಮೇಲಿನ ದೂರಲ್ಲ. ಕೆಲಸ ಕೊಡುವ ಶಿಕ್ಷಕರು, ಪಕ್ಕದಲ್ಲಿ ಕೂತು ಬರೆಸುವ (ಎಷ್ಟೋ ಮನೆಗಳಲ್ಲಿ ಕೂತು ಬರೆಯುವ) ಅಪ್ಪ ಅಮ್ಮಂದಿರು ಒಂದು ಸಣ್ಣ ಸಂಗತಿ ಗಮನಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಅದು ಕ್ರಿಯಾಪದ. ಹೆಸರು, ಇಸವಿ, ಪ್ರಶಸ್ತಿಗಳನ್ನೆಲ್ಲ ಎಲ್ಲಿಂದಲಾದರೂ ಹೆಕ್ಕಬಹುದು. ವಾಕ್ಯದ ಕೊನೆಯಲ್ಲಿ ಕೂರುವ ‘ಕಟ್ಟಿದರು’, ‘ಸ್ಥಾಪಿಸಿದರು’, ‘ಕಂಡುಹಿಡಿದರು’ ಎಂಬ ಮಾತನ್ನು ಮಾತ್ರ ಬರೆಯುವವರೇ ಯೋಚಿಸಿ ಹಾಕಬೇಕು. ಅಲ್ಲಿ ಯೋಚನೆ ತಪ್ಪಿದರೆ ಪ್ರಾಜೆಕ್ಟ್ ಪೂರ್ತಿ ತಪ್ಪಿದ ಹಾಗೆ.

‘ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆ ಕಟ್ಟಿದರು.’ ಇಂದಿನ ಕೆಆರ್‌ಎಸ್ ಅಣೆಕಟ್ಟೆಯ ಬಗೆಗಿನ ಇದೊಂದೇ ವಾಕ್ಯ ತೆಗೆದುಕೊಳ್ಳಿ. ಅವರು ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರಾಗಿ ಬಂದದ್ದು 1909ರ ನವೆಂಬರಿನಲ್ಲಿ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆಗ ದಿವಾನರು ಟಿ. ಆನಂದರಾಯರು, ಒಪ್ಪಿಗೆಯ ಕೊನೆಯ ಮಾತು ನಾಲ್ವಡಿ ಕೃಷ್ಣರಾಜ ಒಡೆಯರದು. 1912ರ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರೇ ದಿವಾನರಾದರು, 1918ರ ಕೊನೆಗೆ ಬಿಟ್ಟರು. ಅಷ್ಟು ಹೊತ್ತಿಗೆ ಕಟ್ಟೆ ಪೂರ್ತಿ ಎದ್ದಿರಲಿಲ್ಲ. ಹೊಳೆಯ ಕೆಳಗಿನ ಮದ್ರಾಸ್ ಪ್ರಾಂತ್ಯ ತಕರಾರು ತೆಗೆದಿದ್ದರಿಂದ ಬ್ರಿಟಿಷ್ ಸರ್ಕಾರ ಮೊದಲ ಹಂತಕ್ಕೆ 11 ಟಿಎಂಸಿ (1,100 ಕೋಟಿ ಘನ ಅಡಿ) ನೀರು ನಿಲ್ಲಿಸಲು ಮಾತ್ರ ಒಪ್ಪಿತ್ತು. ಅಡಿಪಾಯವನ್ನು ಮಾತ್ರ ಮುಂದೆ ಏಳಬೇಕಾದ ಪೂರ್ತಿ ಎತ್ತರದ ಕಟ್ಟೆಗೆ ತಕ್ಕಂತೆಯೇ ಹಾಕಲಾಯಿತು. ಆ ಎತ್ತರಕ್ಕೆ ದಾರಿ ಬಿಟ್ಟುಕೊಟ್ಟದ್ದು ಮೈಸೂರು ಮತ್ತು ಮದ್ರಾಸ್ ನಡುವಿನ 1924ರ ಒಪ್ಪಂದ. ಕಾಂತರಾಜೇ ಅರಸರು, ಆಲ್ಬಿಯನ್ ಬ್ಯಾನರ್ಜಿಯವರು ದಿವಾನಗಿರಿ ಮಾಡಿ ಹೋದರು. ಕೆಲಸ ಮುಗಿಯುವ ವೇಳೆಗೆ 1930ರ ದಶಕ ಬಂದಿತ್ತು, ದಿವಾನರು ಮಿರ್ಜಾ ಇಸ್ಮಾಯಿಲ್. ಈ ಇಪ್ಪತ್ತು ವರ್ಷ ಕಲ್ಲು ಹೊತ್ತು, ಸಿಮೆಂಟಿನ ಬದಲು ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಹಾಕಿ ಕಟ್ಟಿದ ಸಾವಿರಾರು ಕೂಲಿಗಳ ಹೆಸರು ಯಾವ ಪಟದ ಹಿಂಬದಿಯಲ್ಲೂ ಇಲ್ಲ.

ಹಾಗಾದರೆ ಕಟ್ಟಿದವರು ಯಾರು? ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಲ್ಲ. ಊರೂರಿನ ಕಲ್ಲಿನ ಶಾಸನಗಳಲ್ಲಿ ಕೆರೆ ‘ಕಟ್ಟಿಸಿದ’ ಎಂದಿರುತ್ತದೆ. ಒಂದು ‘ಇಸು’ ಸೇರಿದರೆ ಸಾಕು, ಹಣ, ಅಧಿಕಾರ, ಯೋಚನೆ ಒಬ್ಬರದು, ಕೈ ಇನ್ನೊಬ್ಬರದು ಎಂಬುದು ತಿಳಿಯುತ್ತದೆ. ಕನ್ನಂಬಾಡಿಯ ಮಟ್ಟಿಗೆ ಸರಿಯಾದ ವಾಕ್ಯಗಳು ಹೀಗಿರಬಹುದು: ‘ವಿಶ್ವೇಶ್ವರಯ್ಯನವರು ಯೋಜನೆ ತಯಾರಿಸಿದರು. ಮಹಾರಾಜರನ್ನು ಒಪ್ಪಿಸಿದರು. ಕೆಲಸ ಶುರು ಮಾಡಿಸಿದರು. ದಿವಾನರಾಗಿ ಆರು ವರ್ಷ ಅದನ್ನು ನಡೆಸಿದರು. ಮುಗಿಸಿದ್ದು ಅವರ ನಂತರದವರು.’ ಇದರಿಂದ ಅವರ ದೊಡ್ಡಸ್ತಿಕೆ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಬದಲಿಗೆ, ಮೇಲೇಳುತ್ತದೋ ಇಲ್ಲವೋ ಗೊತ್ತಿಲ್ಲದ ಕಟ್ಟೆಗೆ ಪೂರ್ತಿ ಅಡಿಪಾಯ ಹಾಕಿಸಿದ ಧೈರ್ಯ ಆಗಲೇ ಕಾಣುವುದು. ‘ಕಟ್ಟಿದರು’ ಎಂದು ಬರೆದ ಮಗುವಿಗೆ ಅದು ಕಾಣುವುದೇ ಇಲ್ಲ.

ಉಳಿದ ಕೆಲಸಗಳಿಗೂ ಇದೇ ಒರೆಗಲ್ಲು. ಮೈಸೂರು ಬ್ಯಾಂಕು 1913, ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾಲಯ 1916, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917. ನಾಲ್ಕೂ ಅವರ ದಿವಾನಗಿರಿಯ ಅವಧಿಯೊಳಗೆ ಬರುತ್ತವೆ, ನಾಲ್ಕರ ಹಿಂದೆಯೂ ಅವರ ಒತ್ತಾಸೆ ಇತ್ತು. ಆದರೂ ‘ಸ್ಥಾಪಿಸಿದರು’ ಎಂದು ನಾಲ್ಕು ಸಲ ಬರೆಯುವ ಬದಲು, ಪರಿಷತ್ತಿನ ಮೊದಲ ಅಧ್ಯಕ್ಷರೂ ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಎಚ್.ವಿ. ನಂಜುಂಡಯ್ಯ ಎಂಬ ಒಬ್ಬರೇ ಎಂದು ಬರೆದರೆ ಓದುವವರ ಕಿವಿ ನೆಟ್ಟಗಾಗುತ್ತದೆ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ನಿರ್ಧಾರ ಅವರ ಕಾಲದ್ದು, ಉತ್ಪಾದನೆ ಶುರುವಾದದ್ದು 1923ರಲ್ಲಿ. ದಿವಾನಗಿರಿ ಬಿಟ್ಟ ಮೇಲೂ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು. ಇಲ್ಲಿ ‘ಶುರು ಮಾಡಿಸಿದರು, ಮತ್ತೆ ಬಂದು ನಿಲ್ಲಿಸಿದರು’ ಎಂದು ಬರೆದು, ‘ನಿಲ್ಲಿಸಿದರು’ ಎಂಬುದಕ್ಕೆ ಎರಡು ಅರ್ಥ ಬರುತ್ತದಲ್ಲ ಎಂದು ಮಗುವೇ ತಲೆ ಕೆರೆದುಕೊಂಡರೆ ಅಂದಿನ ಕನ್ನಡ ಪಾಠ ಆದಂತೆಯೇ. ಹೈದರಾಬಾದಿನಲ್ಲಿ 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಊರನ್ನೇ ಕೊಚ್ಚಿದ ಮೇಲೆ ನಿಜಾಮರ ಸರ್ಕಾರ ಅವರನ್ನು ಕರೆಸಿತು. ಅಲ್ಲಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಎದ್ದದ್ದು ಆಮೇಲೆ, ಬೇರೆ ಎಂಜಿನಿಯರುಗಳ ಕೈಯಲ್ಲಿ. ಇಲ್ಲಿ ಒಪ್ಪುವ ಕ್ರಿಯಾಪದ ‘ಸಲಹೆ ಕೊಟ್ಟರು’.

ಇನ್ನು ಅವರದ್ದಲ್ಲವೇ ಅಲ್ಲದ ಕೆಲಸಗಳು. ಪ್ರತಿ ವರ್ಷ ತಪ್ಪದೆ ಬರುವ ಮೂರು ಇವೆ. ಒಂದು, ಶಿವನಸಮುದ್ರದ ವಿದ್ಯುತ್. ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಯೋಜನೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ್ದು. ಆ ಎರಡೂ ವರ್ಷ ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದರು. ಎರಡು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅದಕ್ಕೆ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು ಸುಮ್ಮನೆ ಅಲ್ಲ. ಮೂರು, ಬೃಂದಾವನ. ಕಟ್ಟೆಯ ಕೆಳಗೇ ಇರುವುದರಿಂದ ಅದೂ ಅವರ ಲೆಕ್ಕಕ್ಕೆ ಸೇರಿಬಿಡುತ್ತದೆ. ತೋಟದ ಕೆಲಸ ಶುರುವಾದದ್ದು 1927ರಲ್ಲಿ, ಮಿರ್ಜಾ ಇಸ್ಮಾಯಿಲ್ ಅವರ ಆಸೆಯಿಂದ. ಮೂರೂ ತಪ್ಪನ್ನು ಹಿಡಿಯಲು ಪಂಡಿತರು ಬೇಕಿಲ್ಲ. ಹಾಳೆಯ ಮೇಲೆ ಒಂದು ಗೆರೆ ಎಳೆದು 1884 (ಮುಂಬೈ ಪ್ರಾಂತ್ಯದ ಕೆಲಸಕ್ಕೆ ಸೇರಿದ್ದು), 1909, 1912, 1918 ಎಂದು ನಾಲ್ಕು ಗುರುತು ಹಾಕಿಕೊಂಡರೆ ಯಾವ ಕೆಲಸ ಎಲ್ಲಿ ಬೀಳುತ್ತದೆಂದು ಆರನೇ ತರಗತಿಯ ಮಗುವೂ ಹೇಳುತ್ತದೆ. ಈ ಗೆರೆ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಇರಲಿ. ಪಟಕ್ಕಿಂತ ಇದು ಮುಖ್ಯ.

ಮೂಲ ತಪ್ಪು ಕೆಲಸ ಕೊಡುವ ರೀತಿಯಲ್ಲೇ ಇದೆ ಎನ್ನಬೇಕು. ‘ಇವರ ಬಗ್ಗೆ ಬರೆಯಿರಿ’ ಎಂದರೆ ನೂರು ವರ್ಷದ ಬದುಕನ್ನು ಮೂರು ಪುಟಕ್ಕೆ ತುರುಕಬೇಕು. ತುರುಕಲು ಇರುವುದು ಒಂದೇ ದಾರಿ, ಪಟ್ಟಿ ಮಾಡುವುದು. ಪಟ್ಟಿ ಎಂದ ಮೇಲೆ ನಕಲು ಬಿಟ್ಟರೆ ಗತಿಯಿಲ್ಲ. ಅದರ ಬದಲು ಒಂದು ಪ್ರಶ್ನೆ ಕೊಡಿ. ಐದು, ಆರನೇ ತರಗತಿಗೆ ಒಂದು ಕೆಲಸ ಸಾಕು: ‘ನಮ್ಮೂರಿಗೆ ವಿ.ಸಿ. ನಾಲೆ ನೀರು ಎಲ್ಲಿಂದ ಬರುತ್ತದೆ, ಅದಕ್ಕೆ ಆ ಹೆಸರು ಏಕೆ?’ (ಮೊದಲಿದ್ದ ಹೆಸರು ಇರ್ವಿನ್ ನಾಲೆ. ವೈಸರಾಯ್ ಹೆಸರು ಹೋಗಿ ವಿಶ್ವೇಶ್ವರಯ್ಯನವರ ಹೆಸರು ಬಂದ ಕಥೆಯೇ ಎರಡು ಪುಟ ತುಂಬುತ್ತದೆ.) ನಾಲೆ ಇಲ್ಲದ ಕಡೆ, ತಮ್ಮೂರಿನ ಕಾಲೇಜಿಗೋ ವೃತ್ತಕ್ಕೋ ಅವರ ಹೆಸರಿದ್ದರೆ ಅದೇ ಆದೀತು. ಏಳು, ಎಂಟಕ್ಕೆ ‘1912ರಿಂದ 1918ರವರೆಗೆ ಮೈಸೂರಿನಲ್ಲಿ ಏನೇನು ಬದಲಾಯಿತು?’ ಒಂಬತ್ತು, ಹತ್ತಕ್ಕೆ ‘ಅವರು ದಿವಾನಗಿರಿ ಬಿಟ್ಟದ್ದೇಕೆ?’

ಈ ಕೊನೆಯ ಪ್ರಶ್ನೆ ಕೇಳಿದರೆ ಕೆಲವು ಸಹೋದ್ಯೋಗಿಗಳು ಹುಬ್ಬೇರಿಸುತ್ತಾರೆ. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗಬೇಕೆಂಬ ಒತ್ತಾಯ ಬಂದು, ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದ್ದು 1918ರಲ್ಲಿ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದೂ ಅದೇ ವರ್ಷದ ಕೊನೆಗೆ. ಎರಡಕ್ಕೂ ನಂಟಿದೆ ಎಂದೇ ಇತಿಹಾಸ ಓದಿದವರು ಹೇಳುವುದು. ನೌಕರಿಗೆ ಅರ್ಹತೆಯೊಂದೇ ಅಳತೆಯಾಗಬೇಕೆಂದು ಅವರು ವಾದಿಸಿದರು, ಮಹಾರಾಜರು ಬೇರೆ ದಾರಿ ಹಿಡಿದರು. ಇದನ್ನು ಪ್ರಾಜೆಕ್ಟಿನಿಂದ ಹೊರಗಿಡುವುದರಿಂದ ಯಾರ ಮರ್ಯಾದೆಯೂ ಉಳಿಯುವುದಿಲ್ಲ. ಹದಿನೈದು ವರ್ಷದ ಮಕ್ಕಳು ಮೀಸಲಾತಿಯ ಬಗ್ಗೆ ಮನೆಯಲ್ಲಿ, ಬಸ್ಸಿನಲ್ಲಿ ದಿನವೂ ಕೇಳುತ್ತಿರುತ್ತಾರೆ. ಇಬ್ಬರ ವಾದವನ್ನೂ ತಲಾ ಐದು ವಾಕ್ಯದಲ್ಲಿ ಬರೆಯಲಿ, ತೀರ್ಪು ಕೊಡಬೇಕಾಗಿಲ್ಲ.

ಪ್ರಶ್ನೆ ಸಿಕ್ಕ ಮೇಲೆ ಚೀಟಿ. ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯೊಂದನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಚೀಟಿ. ಒಂದು ಚೀಟಿಗೆ ಒಂದೇ ಸಂಗತಿ, ಎರಡು ವಾಕ್ಯ ಮೀರಬಾರದು. ಮೇಲೆ ಎಡಗಡೆ ಇಸವಿ. ಕೆಳಗೆ ಯಾವ ಪುಸ್ತಕ, ಎಷ್ಟನೇ ಪುಟ. ಹಿಂಬದಿ ಖಾಲಿ ಇರಲಿ, ಮುಂದೆ ಅನುಮಾನ ಬಂದರೆ ಅಲ್ಲಿ ಪ್ರಶ್ನೆ ಬರೆಯಬಹುದು. ಮೂರು ಪುಟದ ಬರಹಕ್ಕೆ ಹನ್ನೆರಡರಿಂದ ಹದಿನೈದು ಚೀಟಿ ಬೇಕು. ಹತ್ತಕ್ಕಿಂತ ಕಡಿಮೆಯಾದರೆ ಬರಹ ಉಪದೇಶದಿಂದ ತುಂಬುತ್ತದೆ, ಇಪ್ಪತ್ತೈದು ದಾಟಿದರೆ ಮತ್ತೆ ಪಟ್ಟಿಯಾಗುತ್ತದೆ. ಚೀಟಿಗಳನ್ನು ನೆಲದ ಮೇಲೆ ಹರಡಿ ಇಸವಿಯ ಪ್ರಕಾರ ಜೋಡಿಸಿದಾಗ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. ‘1918ರಿಂದ 1923ರವರೆಗೆ ಭದ್ರಾವತಿಯಲ್ಲಿ ಏನಾಯಿತು?’ ಎಂದು ಮಗು ತಾನಾಗಿ ಕೇಳುವುದು ಆಗ. ಒಂದೇ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಂಡರೆ ಈ ಪ್ರಶ್ನೆ ಹುಟ್ಟುವುದಿಲ್ಲ, ಏಕೆಂದರೆ ಪುಸ್ತಕದ ಸಾಲೇ ಅಲ್ಲಿ ನಕಲಾಗಿರುತ್ತದೆ.

ಮೂಲಗಳು ಕನಿಷ್ಠ ಮೂರು ಇರಲಿ, ಅದರಲ್ಲಿ ಒಂದಾದರೂ ಅಚ್ಚಾದ ಪುಸ್ತಕ. ಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಮಕ್ಕಳ ಜೀವನಚರಿತ್ರೆಗಳನ್ನು ಈ ನೆಪದಲ್ಲಾದರೂ ಹೊರಗೆ ತೆಗೆಯಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವಿದೆ. ಹಳೆಯ ಗ್ಯಾಸೆಟಿಯರ್ (ಸರ್ಕಾರ ಹೊರತಂದ ಜಿಲ್ಲಾ ವಿವರಗಳ ಪುಸ್ತಕ) ಬೇಕೆಂದರೆ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಬೇಕು. ವಿಶ್ವೇಶ್ವರಯ್ಯನವರು ತಮ್ಮ ಕೆಲಸದ ನೆನಪುಗಳನ್ನು ಇಂಗ್ಲಿಷಿನಲ್ಲಿ ತಾವೇ ಬರೆದು 1951ರಲ್ಲಿ ಪ್ರಕಟಿಸಿದ್ದಾರೆ. ಹೈಸ್ಕೂಲಿನವರಿಗೆ ಅದರಿಂದ ಶಿಕ್ಷಕರು ಒಂದು ಪುಟ ಓದಿ ಹೇಳಿದರೆ ಸಾಕು. ವಿಕಿಪೀಡಿಯ ಮುಟ್ಟಲೇಬೇಡಿ ಎನ್ನುವುದು ಸರಿಯಲ್ಲ. ಇಸವಿ ಹುಡುಕಲು ಅದು ಸುಲಭದ ಜಾಗ, ಆದರೆ ಅಲ್ಲಿ ಸಿಕ್ಕಿದ್ದನ್ನು ಇನ್ನೊಂದು ಕಡೆ ತಾಳೆ ನೋಡಬೇಕು.

ತಾಳೆ ನೋಡಲು ಹೊರಟರೆ ಮೊದಲ ಸಾಲಿನಲ್ಲೇ ತಕರಾರು ಎದುರಾಗುತ್ತದೆ. ಹುಟ್ಟಿದ ಇಸವಿ ಕೆಲವೆಡೆ 1860, ಕೆಲವೆಡೆ 1861. ಅಂಚೆ ಇಲಾಖೆ ಶತಮಾನೋತ್ಸವದ ಅಂಚೆಚೀಟಿ ಹೊರತಂದದ್ದು 1960ರ ಸೆಪ್ಟೆಂಬರ್ 15ರಂದು. ಆ ಲೆಕ್ಕಕ್ಕೆ 1860. ಪಠ್ಯಗಳಲ್ಲಿ ಹೆಚ್ಚಾಗಿ ಕಾಣುವುದು 1861. ತೀರಿಕೊಂಡದ್ದು 1962ರ ಏಪ್ರಿಲ್. ತಾರೀಖು ಒಂದು ಕಡೆ 12 ಎಂದಿದ್ದರೆ ಇನ್ನೊಂದು ಕಡೆ 14. ಇಂಥ ಕಡೆ ಮಕ್ಕಳು ಗಾಬರಿಯಾಗಿ ಯಾವುದೋ ಒಂದನ್ನು ಹಾಕಿಬಿಡುತ್ತಾರೆ, ತಿದ್ದುವವರು ತಮ್ಮ ಗೈಡಿನಲ್ಲಿರುವುದೇ ಸರಿ ಎಂದು ಕೆಂಪು ಗೀಟು ಎಳೆಯುತ್ತಾರೆ. ಎರಡನ್ನೂ ಬರೆದು ‘ಇಂಥ ಪುಸ್ತಕದಲ್ಲಿ ಹೀಗಿದೆ, ಅಂಚೆಚೀಟಿಯ ಪ್ರಕಾರ ಹೀಗಿದೆ’ ಎಂದ ಮಗುವಿಗೆ ಒಂದು ಅಂಕ ಹೆಚ್ಚು ಕೊಡಬೇಕು. ಹುಟ್ಟೂರು ಮುದ್ದೇನಹಳ್ಳಿಯ ಜಿಲ್ಲೆ ಕೋಲಾರವೋ ಚಿಕ್ಕಬಳ್ಳಾಪುರವೋ ಎಂಬ ಜಗಳ ಮಾತ್ರ ಜಗಳವೇ ಅಲ್ಲ. 2007ರಲ್ಲಿ ಜಿಲ್ಲೆ ಒಡೆಯಿತು, ಅದಕ್ಕೆ ಮೊದಲು ಅಚ್ಚಾದ ಪುಸ್ತಕಗಳಲ್ಲಿ ಕೋಲಾರ ಎಂದೇ ಇರುತ್ತದೆ. ಪುಸ್ತಕ ಯಾವ ವರ್ಷದ್ದೆಂದು ನೋಡುವ ಅಭ್ಯಾಸ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಸವಿಗಿಂತ ಕಷ್ಟ ಕಥೆಗಳದ್ದು. ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಓದಿಗೆ ಇನ್ನೊಂದು ಎಂಬ ಕಥೆ. ರೈಲಿನ ಸದ್ದು ಬದಲಾದದ್ದನ್ನು ಕೇಳಿ ಮುಂದೆ ಹಳಿ ತಪ್ಪಿದೆ ಎಂದು ಚೈನ್ ಎಳೆದರೆಂಬ ಕಥೆ. ಬೀದಿದೀಪದ ಕೆಳಗೆ ಓದಿದ ಕಥೆ. ಕಟ್ಟೆಗಾಗಿ ಅರಮನೆಯ ಒಡವೆ ಮಾರಿದ ಕಥೆ. ಕೇಳಲು ಚೆನ್ನಾಗಿವೆ, ಭಾಷಣ ಸ್ಪರ್ಧೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತವೆ. ದೀಪ ಆರಿಸಿ ಇನ್ನೊಂದು ಹಚ್ಚಿದ ಅದೇ ಕಥೆಯನ್ನು ಚಾಣಕ್ಯನ ಹೆಸರಿನಲ್ಲೂ ಹೇಳುತ್ತಾರೆ ಎಂಬುದು ಮಕ್ಕಳಿಗೆ ಗೊತ್ತಾದರೆ ಅವರೇ ನಗುತ್ತಾರೆ. ಕಥೆಗಳನ್ನು ಬಿಟ್ಟುಬಿಡಬೇಕಿಲ್ಲ. ಅದಕ್ಕೂ ಕನ್ನಡದಲ್ಲಿ ಪುಟ್ಟ ಉಪಕರಣ ಇದೆ: ‘ಅಂತೆ’. ‘ಎರಡು ಮೇಣದಬತ್ತಿ ಇಟ್ಟುಕೊಂಡಿದ್ದರಂತೆ’ ಎಂದರೆ ಬರೆದವರು ಕಂಡದ್ದಲ್ಲ, ಕೇಳಿದ್ದು ಎಂದು ಒಂದೇ ಮಾತಿನಲ್ಲಿ ಹೇಳಿದಂತಾಯಿತು. ಬರಹದ ಭಾಷೆಗೆ ‘ಅಂತೆ’ ಹಗುರವೆನಿಸಿದರೆ ‘ಎನ್ನುತ್ತಾರೆ’, ‘ಎಂಬ ಮಾತಿದೆ’ ಇವೆ. ಮನೆಯಲ್ಲಿ ಅಜ್ಜಿ ಪ್ರತಿ ಮಾತಿಗೂ ಸರಿಯಾಗಿ ಬಳಸುವ ಈ ‘ಅಂತೆ’ಯನ್ನು ಶಾಲೆಯ ಪ್ರಬಂಧದಲ್ಲಿ ನಾವೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತ ಬಂದಿದ್ದೇವೆ.

‘ಕಂಡುಹಿಡಿದರು’ ಎಂಬ ಕ್ರಿಯಾಪದಕ್ಕೆ ಬರೋಣ. ‘ಸ್ವಯಂಚಾಲಿತ ಗೇಟ್ ಕಂಡುಹಿಡಿದರು’ ಎಂದು ಎಲ್ಲರೂ ಬರೆಯುತ್ತಾರೆ. ಹಾಗೆಂದರೇನು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಸ್ವಿಚ್ ಒತ್ತಿದರೆ ತೆರೆಯುವ ಗೇಟು ಎನ್ನುತ್ತಾರೆ. ಪುಣೆಯ ಹತ್ತಿರ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರ ಹೊತ್ತಿಗೆ ಕೂರಿಸಿದ ಆ ಗೇಟಿಗೆ ಕರೆಂಟಿನ ಗೊಡವೆಯೇ ಇರಲಿಲ್ಲ. ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಮೇಲೆ ಗೇಟುಗಳನ್ನು ಇಟ್ಟರೆ ಕಟ್ಟೆಯನ್ನು ಎತ್ತರಿಸದೆಯೇ ಇನ್ನಷ್ಟು ನೀರು ನಿಲ್ಲಿಸಬಹುದು. ತೊಂದರೆ ಏನೆಂದರೆ, ನಡುರಾತ್ರಿ ಪ್ರವಾಹ ಬಂದಾಗ ಗೇಟು ಎತ್ತಲು ಆಳು ಇರಬೇಕು, ತಡವಾದರೆ ಕಟ್ಟೆಗೇ ಅಪಾಯ. ನೀರು ನಿಗದಿಯಾದ ಮಟ್ಟ ದಾಟಿದರೆ ಆ ನೀರಿನ ಬಲದಿಂದಲೇ ಗೇಟು ತೆರೆದುಕೊಳ್ಳಬೇಕು, ಇಳಿದರೆ ತಾನಾಗಿ ಮುಚ್ಚಿಕೊಳ್ಳಬೇಕು. ಅವರು ಬಿಡಿಸಿದ ಗಂಟು ಇದು. ಮಾಳಿಗೆಯ ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ತೆಗೆದು ತೇಲುವ ಚೆಂಡಿನ ವಾಲ್ವ್ ತೋರಿಸಿದರೆ ಮಗುವಿಗೆ ಅರ್ಧ ಅರ್ಥವಾಗುತ್ತದೆ: ನೀರು ಏರಿದರೆ ಚೆಂಡು ಏರುತ್ತದೆ, ಸಲಾಕೆ ಎದ್ದು ನಲ್ಲಿ ಮುಚ್ಚುತ್ತದೆ. ಅಣೆಕಟ್ಟೆಯಲ್ಲಿ ಫಲ ತಿರುಗುಮುರುಗು, ನೀರು ಏರಿದರೆ ಬಾಗಿಲು ತೆರೆಯಬೇಕು. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಪೆನ್ಸಿಲಿನಲ್ಲಿ ಬಿಡಿಸಿ, ನೀರಿನ ಮಟ್ಟಕ್ಕೆ ಒಂದು ಚುಕ್ಕಿಗೆರೆ ಎಳೆದರೆ ಅದೊಂದೇ ಪುಟ ಬಾಕಿ ಪ್ರಾಜೆಕ್ಟಿಗೆ ಸಮ. ಬಣ್ಣ ಬೇಡ, ಬಾಣದ ಗುರುತು ಬೇಕು. ಅಪ್ಪ ಅಮ್ಮ ಜೊತೆಯಲ್ಲಿದ್ದಾಗ ಮಾತ್ರ ಮಾಳಿಗೆ ಹತ್ತಿಸಿ.

ಅಂಕಿಗಳೂ ಹೀಗೆ ಕೈಗೆ ಸಿಗುವಂತಿರಲಿ. ಮಳೆಗಾಲದಲ್ಲಿ ನಿಮ್ಮ ಪತ್ರಿಕೆಯಲ್ಲೇ ಕೆಆರ್‌ಎಸ್ ನೀರಿನ ಮಟ್ಟ ದಿನವೂ ಬರುತ್ತದೆ, ಗರಿಷ್ಠ 124.80 ಅಡಿ ಎಂದು. ವರದಿ ಬರೆಯುವ ವಾರದ ಏಳು ದಿನದ ಮಟ್ಟವನ್ನು ಮಗು ಕತ್ತರಿಸಿ ಅಂಟಿಸಲಿ. ಟಿಎಂಸಿ ಎಂದು ಬರೆದರೆ ಅದು ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,831 ಕೋಟಿ ಎಂದೂ ಬರೆಯಲಿ. ಸಾವಿರ ಲೀಟರಿನ ಟ್ಯಾಂಕು ಎಷ್ಟು ಬೇಕು ಎಂಬ ಭಾಗಾಕಾರವನ್ನು ಅವರೇ ಮಾಡಿಕೊಳ್ಳುತ್ತಾರೆ. ಕಟ್ಟೆ ನೋಡಲು ಕರೆದೊಯ್ಯುವ ಶಾಲೆಗಳಿಗೆ ಒಂದು ಮಾತು: ಸಂಜೆ ಕಾರಂಜಿಗೆ ಹೋಗುವುದಾದರೆ ಬೆಳಕಿರುವಾಗಲೇ ತಲುಪಿ, ತೋಟದ ಕಡೆಯಿಂದ ಕಲ್ಲಿನ ಗೋಡೆ ಮತ್ತು ಗೇಟಿನ ಸಾಲನ್ನು ಹತ್ತು ನಿಮಿಷ ನಿಂತು ನೋಡಲು ಬಿಡಿ. ದೀಪ ಹತ್ತಿದ ಮೇಲೆ ಕಟ್ಟೆಯನ್ನು ಯಾರೂ ನೋಡುವುದಿಲ್ಲ.

ಇನ್ನು ಬರೆಯುವುದು. ಓದಿ, ಪುಸ್ತಕ ಮುಚ್ಚಿ, ತಂಗಿಗೋ ತಾತನಿಗೋ ಬಾಯಲ್ಲಿ ಹೇಳಿ, ಹೇಳಿದ್ದನ್ನು ಬರೆಯುವುದು. ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ. ಪಟದ ಹಿಂಬದಿಯ ಧಾಟಿ ಹೀಗಿರುತ್ತದೆ: ‘ಇವರು ಮೈಸೂರು ಸಂಸ್ಥಾನದ ದಿವಾನರಾಗಿ ಅನೇಕ ಅಭಿವೃದ್ಧಿ ಕಾರ್ಯಗಳನ್ನು ಕೈಗೊಂಡು ಸಂಸ್ಥಾನವನ್ನು ಮಾದರಿ ರಾಜ್ಯವನ್ನಾಗಿ ಮಾಡಿದರು.’ ಇದನ್ನು ಓದಿ ಮುಚ್ಚಿದ ಮಗುವಿಗೆ ಹೇಳಲು ಏನೂ ಉಳಿದಿರುವುದಿಲ್ಲ, ಏಕೆಂದರೆ ವಾಕ್ಯದೊಳಗೆ ಏನೂ ಇಲ್ಲ. ‘ಆರು ವರ್ಷ ದಿವಾನರಾಗಿದ್ದರು. ಅಷ್ಟರೊಳಗೆ ಒಂದು ಬ್ಯಾಂಕು, ಒಂದು ವಿಶ್ವವಿದ್ಯಾಲಯ, ಒಂದು ಎಂಜಿನಿಯರಿಂಗ್ ಕಾಲೇಜು ಬಂದವು’ ಎಂದರೆ ಮುಚ್ಚಿದ ಮೇಲೂ ನೆನಪಿರುತ್ತದೆ. ಯಾವ ವಾಕ್ಯ ನೆನಪಿನಲ್ಲಿ ನಿಲ್ಲುವುದಿಲ್ಲವೋ ಅದನ್ನು ಚೀಟಿಗೇ ಇಳಿಸಬಾರದು.

ಮೊಬೈಲಿನಲ್ಲಿ ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ತಿರುಗಿಸಿ ಬರೆದದ್ದು ದೂರದಿಂದಲೇ ಗೊತ್ತಾಗುತ್ತದೆ. ಸಿವಿಲ್ ಎಂಜಿನಿಯರ್ ‘ನಾಗರಿಕ ಎಂಜಿನಿಯರ್’ ಆಗಿರುತ್ತಾರೆ. 1915ರಲ್ಲಿ ಬ್ರಿಟಿಷರು ಕೊಟ್ಟ ನೈಟ್ ಪದವಿ ಓದಿ ಹೇಳುವಾಗ ರಾತ್ರಿಯಾಗಿಬಿಡುತ್ತದೆ. ಅಂದಹಾಗೆ, ಹೆಸರಿನ ಮುಂದಿನ ‘ಸರ್’ ಆ ಪದವಿಯಿಂದ ಬಂದದ್ದೇ ಹೊರತು ಮೇಷ್ಟರಿಗೆ ಹೇಳುವ ಸಾರ್ ಅಲ್ಲ ಎಂಬುದನ್ನು ಐದನೇ ತರಗತಿಯಲ್ಲಿ ಬಾಯಿಬಿಟ್ಟು ಹೇಳಲೇಬೇಕು. ಅಲ್ಲಿ ಅರ್ಧ ತರಗತಿ ಅವರನ್ನು ಶಿಕ್ಷಕರು ಎಂದೇ ನಂಬಿರುತ್ತದೆ.

ಉದ್ದ ಎಷ್ಟಿರಬೇಕು? ಇಂಗ್ಲಿಷ್ ಮಾಧ್ಯಮದ ‘500 ಪದ’ ಎಂಬ ಅಳತೆಯನ್ನು ಹಾಗೇ ಕನ್ನಡಕ್ಕೆ ತರುವುದು ಅನ್ಯಾಯ. ‘ಕಟ್ಟಿಸಬೇಕಾಗಿತ್ತು’ ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಖರ್ಚಾಗುತ್ತವೆ. ಏಳನೇ ತರಗತಿಯವರೆಗೆ 200, ಹೈಸ್ಕೂಲಿಗೆ 350 ಪದ ಸಾಕು. ಗೀಟಿನ ಲಾಂಗ್‌ಬುಕ್ ಹಾಳೆಯಲ್ಲಿ ಎರಡು ಮೂರು ಪುಟ. ಮೊದಲ ವಾಕ್ಯ ಹುಟ್ಟಿದ ತಾರೀಖಿನಿಂದ ಶುರುವಾಗದಿರಲಿ. ಪ್ರಶ್ನೆಯಿಂದಲೇ ಶುರುವಾಗಲಿ, ಹುಟ್ಟು ಸಾವು ಗೆರೆಯ ಮೇಲೆ ಹೇಗೂ ಇವೆ. ಎರಡು ವಾರ ಸಮಯ ಕೊಡಿ, ಮೊದಲ ವಾರದ ಕೊನೆಗೆ ಚೀಟಿಗಳನ್ನು ತಂದು ತೋರಿಸಲಿ. ಎಲ್ಲವನ್ನೂ ಹಿಂದಿನ ರಾತ್ರಿ ಅಪ್ಪನ ಕೈಯಲ್ಲಿ ಬರೆಸುವ ಪರಿಪಾಠಕ್ಕೆ ಕಡಿವಾಣ ಬೀಳುವುದು ಅಲ್ಲಿಯೇ. ಪಟ ಅಂಟಿಸಲು ಫೆವಿಕಾಲ್ ಸುರಿಯಬೇಡಿ, ಹಾಳೆ ಸುಕ್ಕುಗಟ್ಟಿ ಹಿಂದಿನ ಪುಟದ ಶಾಯಿ ಹರಡುತ್ತದೆ. ನಾಲ್ಕು ಮೂಲೆಗೆ ಒಂದೊಂದು ಚುಕ್ಕಿ ಸಾಕು.

ತಿದ್ದುವವರಿಗೆ ಕೊನೆಯದಾಗಿ. ಹದಿನೈದು ಅಂಕದ ಚಟುವಟಿಕೆಯಾದರೆ ಚೀಟಿಗಳಿಗೆ 5, ಬರಹಕ್ಕೆ 5, ಬಾಯಿಪ್ರಶ್ನೆಗೆ 4, ಅಚ್ಚುಕಟ್ಟಿಗೆ 1. ಈಗ ನಡೆಯುತ್ತಿರುವುದು ಇದರ ತಲೆಕೆಳಗು, ಬಾರ್ಡರಿಗೇ ಅರ್ಧದಷ್ಟು ಅಂಕ. ಒಂದೊಂದು ಮಗುವಿಗೆ ಎರಡು ನಿಮಿಷದ ಬಾಯಿಪ್ರಶ್ನೆ ಇಟ್ಟರೆ ಅರವತ್ತು ಮಕ್ಕಳಿಗೆ ನೂರಿಪ್ಪತ್ತು ನಿಮಿಷ, ನಲವತ್ತು ನಿಮಿಷದ ಮೂರು ಪೀರಿಯಡ್. ಹೆಚ್ಚೇನಲ್ಲ. ಕೇಳಬೇಕಾದ ಪ್ರಶ್ನೆಯೂ ಒಂದೇ: ಮಗುವಿನ ಬರಹದಿಂದ ಯಾವುದಾದರೂ ಒಂದು ‘ದರು’ ಹೆಕ್ಕಿ, ‘ಇದನ್ನು ಅವರೇ ಮಾಡಿದರಾ, ಮಾಡಿಸಿದರಾ, ಅವರ ಕಾಲದಲ್ಲಿ ಆಯಿತಾ? ನಿನಗೆ ಹೇಗೆ ಗೊತ್ತು?’ ಎನ್ನುವುದು. ಚೀಟಿ ತೆಗೆದು ತೋರಿಸಿದ ಮಗುವಿಗೆ ನಾಲ್ಕಕ್ಕೆ ನಾಲ್ಕು.

ಪತ್ರ ಉದ್ದವಾಯಿತು. ಜಾಗ ಸಾಲದೆ ಕತ್ತರಿ ಆಡಿಸುವುದಾದರೆ ಫೆವಿಕಾಲಿನ ಮಾತು ಬಿಡಿ, ಇಸವಿಗಳನ್ನು ಮಾತ್ರ ಬಿಡಬೇಡಿ. ಸೆಪ್ಟೆಂಬರ್ ಮೊದಲ ವಾರದಲ್ಲೇ ಪ್ರಕಟಿಸಿದರೆ ಮಕ್ಕಳಿಗೆ ಎರಡು ವಾರ ಸಿಗುತ್ತದೆ.

ಕೆಲವು ಪ್ರೌಢಶಾಲಾ ಕನ್ನಡ ಮತ್ತು ಸಮಾಜ ವಿಜ್ಞಾನ ಶಿಕ್ಷಕರು,
ಮಂಡ್ಯ ಜಿಲ್ಲೆ